ಉತ್ತರ ತುದಿಯ ನೆಲ ಓದಿದ ಇಂದುಮತಿ ಅಕ್ಕ

ಇಂದುಮತಿ ಅಕ್ಕನ ಮನೆಯ ಫ್ರೀಜರ್‌ನಲ್ಲಿ ತಿನ್ನುವ ಪದಾರ್ಥಕ್ಕಿಂತ ಮಣ್ಣೇ ಹೆಚ್ಚಿರುತ್ತಿತ್ತು. ಐಸ್‌ಕ್ರೀಮ್ ಡಬ್ಬಿ ತೆರೆದರೆ ಮರಳು ಬೆರೆತ ಜೇಡಿ, ಬಟಾಣಿ ಪೊಟ್ಟಣದ ಹಿಂದೆ ಕಲ್ಲಿನಂತೆ ಗಟ್ಟಿಯಾದ ಕಪ್ಪು ಕೆಸರು. ಪ್ರತಿ ಡಬ್ಬಿಯ ಮೇಲೂ ಅವರ ದುಂಡನೆಯ ಅಕ್ಷರದ ಚೀಟಿ. ನ್ಯೂಜೆರ್ಸಿಯ ಮೆಟುಚೆನ್‌ನ ಆ ಮನೆಗೆ ನಾನು ಮೊದಲ ಸಲ ಊಟಕ್ಕೆ ಹೋದಾಗ ಅವರ ಪತಿ, ನಿವೃತ್ತ ಮಕ್ಕಳ ಡಾಕ್ಟರ್ ಶರಣಪ್ಪ ಅಂಕಲ್, ನನ್ನನ್ನು ಪಕ್ಕಕ್ಕೆ ಕರೆದು ಎಚ್ಚರಿಸಿದರು: "ಫ್ರೀಜರಿಂದ ಏನರೆ ತಗೀಬೇಕಂದ್ರ ನನಗ ಕೇಳವ್ವಾ. ಒಂದ್ಸಲ ಸಾರು ಅಂತ ತಿಳ್ಕೊಂಡು ಇವಳ ನೆಲಾನೇ ಒಲಿ ಮ್ಯಾಲ ಇಟ್ಟಿದ್ದೆ."

ಅಕ್ಕ ಕಲಬುರಗಿಯವರು. ಬೇಸಿಗೆಯಲ್ಲಿ ಕಲ್ಲುಹಾಸಿನ ಮೇಲೆ ಬರಿಗಾಲಿಡಲಾಗದ ಊರಿನಲ್ಲಿ ಬೆಳೆದವರು, ಮೂವತ್ತು ವರ್ಷಗಳಿಂದ ಹೆಪ್ಪುಗಟ್ಟಿದ ನೆಲದ ಮೇಲೆ ಕಟ್ಟಡ ನಿಲ್ಲಿಸುವುದು ಹೇಗೆಂದು ಹೇಳುತ್ತಿದ್ದರು. ಕುಳ್ಳಗಿನ ಮೈಕಟ್ಟು, ಬೆಳ್ಳಿ ಕೂದಲಿನ ಗಿಡ್ಡ ಜಡೆ, ಸೊಂಟದ ಮೇಲೆ ಕೈ. ನಡೆದರೆ ಹಿಂದೆ ಬರುವವರು ಓಡಬೇಕು. ಯಾವುದಾದರೂ ಲೆಕ್ಕ ಅವರೆಂದುಕೊಂಡದ್ದಕ್ಕಿಂತ ಬೇರೆ ಉತ್ತರ ಕೊಟ್ಟರೆ ಬೇಸರವಾಗುವ ಬದಲು ಮುಖ ಅರಳುತ್ತಿತ್ತು. "ಏ, ಇದು ಮಜಾ ಅದ ನೋಡು!" ಎಂದು ಕುರ್ಚಿ ಎಳೆದುಕೊಂಡು ಕೂತುಬಿಡುತ್ತಿದ್ದರು.

ನಾನು ಮೈಸೂರಿನಿಂದ ಬಂದು, ಇಲ್ಲಿ ಮಾಸ್ಟರ್ಸ್ ಮುಗಿಸಿ, ಐಸೆಲಿನ್ ರೈಲು ನಿಲ್ದಾಣದ ಹತ್ತಿರದ ಒಂದು ಎಂಜಿನಿಯರಿಂಗ್ ಕಂಪನಿಗೆ ಸೇರಿದ್ದೆ. ಕೆಲಸಕ್ಕೆ ಸೇರಿದ ದಿನವೇ ನನ್ನನ್ನು ಒಂದು ದೊಡ್ಡ ಯೋಜನೆಗೆ ಹಾಕಿದರು. ಅಲಾಸ್ಕಾದ ಉತ್ತರ ತುದಿಯಲ್ಲಿ, ಆರ್ಕ್ಟಿಕ್ ಸಮುದ್ರದ ದಡದಲ್ಲಿ, ನೆಲದಡಿಯ ಅನಿಲವನ್ನು ತಣಿಸಿ ದ್ರವ ಮಾಡಿ, ಮಂಜುಗಡ್ಡೆ ಸೀಳುವ ಹಡಗುಗಳಿಗೆ ತುಂಬಿ, ದೂರದ ದೇಶಗಳಿಗೆ ಕಳಿಸುವ ಟರ್ಮಿನಲ್. ಸಮುದ್ರದ ಆಳ ನೋಡಿ ಹಡಗು ಎಲ್ಲಿ ನಿಲ್ಲಬೇಕೆಂದು ಹೇಳುವುದು ನನ್ನ ಪಾಲಿನ ಕೆಲಸ. ನೆಲ ನೋಡುವುದು ಅದೇ ಕಂಪನಿಯಲ್ಲಿದ್ದ ಅಕ್ಕನ ಪಾಲು.

ಅಂದು ಮಧ್ಯಾಹ್ನ ಆಫೀಸಿನ ಅಡುಗೆಕೋಣೆಯಲ್ಲಿ ನನ್ನ ಡಬ್ಬಿ ಇಡಲು ಫ್ರೀಜರ್ ತೆರೆದೆ. ಬ್ರೆಡ್ ಬೇಯಿಸುವ ಎರಡು ತಗಡಿನ ಡಬ್ಬಿಗಳಲ್ಲಿ ಮಣ್ಣು.

"ಅದನ್ನ ಹೊರಗ ತೆಗಿ ತಂಗಿ, ನಿನಗೇ ತೋರಸ್ಬೇಕಂತ ಇಟ್ಟೀನಿ," ಎಂದು ಹಿಂದಿನಿಂದ ಅಕ್ಕನ ದನಿ ಬಂತು.

ಒಂದು ಡಬ್ಬಿಯ ಗಟ್ಟಿ ಮಣ್ಣಿನ ಮೇಲೆ ಬಿಸಿ ಚಹಾದ ಲೋಟವನ್ನು ನೇರವಾಗಿ ಇಟ್ಟರು. ಇನ್ನೊಂದರಲ್ಲಿ ನಾಲ್ಕು ಪೆನ್ಸಿಲ್‌ಗಳು ಮಣ್ಣಿನೊಳಗೆ ಹೆಪ್ಪುಗಟ್ಟಿ ಕಂಬಗಳಂತೆ ನಿಂತಿದ್ದವು. ಅವುಗಳ ಮೇಲೊಂದು ಹಲಗೆ, ಹಲಗೆಯ ಮೇಲೆ ಅಷ್ಟೇ ಬಿಸಿಯ ಇನ್ನೊಂದು ಲೋಟ. ಸ್ವಲ್ಪ ಹೊತ್ತಿಗೆ ಮೊದಲ ಲೋಟ ತಾನು ಕರಗಿಸಿದ ಕೆಸರಿನಲ್ಲಿ ಇಳಿದು ವಾಲಿತು. ಎರಡನೆಯದು ಅಲುಗಲಿಲ್ಲ.

"ಎಲ್ಲಾರೂ ಅಲ್ಲಿ ವೈರಿ ಥಂಡಿ ಅಂತ ತಿಳ್ಕೊಂಡಾರ," ಎಂದರು ಅಕ್ಕ. "ಅಲ್ಲಿ ವೈರಿ ನಾವು ಒಯ್ಯೂ ಬಿಸಿ. ಮಷೀನು, ಮನಿ, ಪೈಪು, ಎಲ್ಲಾ ಬಿಸಿ. ನೆಲಕ್ಕ ಮುಟ್ಟಿಸದಂಗ ಕಟ್ಟಿದ್ರ ನಿಲ್ತದ. ಮುಟ್ಟಿಸಿದ್ರ ಮುಳಗ್ತದ. ತಿಳೀತ?"

"ತಿಳೀತು ಮೇಡಂ."

"ಮೇಡಂ ಅನಬ್ಯಾಡ. ಅಕ್ಕಾ ಅನ್ನು."

ವಾಲಿದ ಲೋಟವನ್ನೆತ್ತಿ, ತಳ ಒರೆಸಿ, ಅದೇ ಚಹಾ ಕುಡಿದರು.

ಆ ಬೇಸಿಗೆಯಲ್ಲಿ ಜಾಗ ನೋಡಿ ಬರಲು ನಮ್ಮಿಬ್ಬರನ್ನೇ ಕಳಿಸಿದರು. ಹೊರಡುವ ಹಿಂದಿನ ಶನಿವಾರ ಓಕ್ ಟ್ರೀ ರಸ್ತೆಯ ಭಾರತೀಯ ಅಂಗಡಿಯೊಂದರಲ್ಲಿ ಅಕ್ಕ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಸಿದರು. ನೆವಾರ್ಕ್‌ನಿಂದ ಮೂರು ವಿಮಾನ ಬದಲಿಸಿ ಇಳಿದಾಗ ಮರವೇ ಇಲ್ಲದ ಬಯಲು, ತಗ್ಗಿನಲ್ಲೆಲ್ಲ ನೀರು, ಮುಳುಗದ ಸೂರ್ಯ. ಚಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿದ್ದರೆ ಅಕ್ಕ ಕೈಗವಸು ಕಳಚಿ, ಮಂಡಿಯೂರಿ, ಪಾಚಿ ಸರಿಸಿ, ಅಂಗೈಯನ್ನು ನೆಲದ ಮೇಲಿಟ್ಟು ನಕ್ಕರು.

ಹತ್ತಿರದ ಹಳ್ಳಿಯ ಸಭಾಭವನದಲ್ಲಿ ನಕ್ಷೆ ಹರಡಿ ಊರವರಿಗೆ ಯೋಜನೆ ವಿವರಿಸಿದೆವು. ದ್ರವ ಅನಿಲದ ಟ್ಯಾಂಕ್‌ಗಳಿಗೆ ನಾವು ಗುರುತು ಮಾಡಿದ್ದ ಜಾಗ ಸಮುದ್ರದೊಳಕ್ಕೆ ಚಾಚಿದ ಮರಳಿನ ಬಯಲು. ಎಲ್ಲರೂ ಎದ್ದುಹೋದ ಮೇಲೂ ಮೇರಿ ಎಂಬ ವೃದ್ಧೆ ಕೂತೇ ಇದ್ದರು. ತಿಮಿಂಗಿಲ ಬೇಟೆಗಾರರ ಮನೆಯ ಹಿರಿಯರು. ನಕ್ಷೆಯ ಮೇಲೆ ಬೆರಳಿಟ್ಟು, ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು: "ಇಲ್ಲಿ ನಮ್ಮಜ್ಜಿಯ ಮನೆ ಇತ್ತು. ಒಂದು ಬೆಳಿಗ್ಗೆ ಸಮುದ್ರದ ಮಂಜುಗಡ್ಡೆ ದಡ ಹತ್ತಿ ನಡೆದುಕೊಂಡು ಬಂತು. ಮನೆ ಹೋಯಿತು. ಅಜ್ಜಿ ಮಗುವನ್ನೆತ್ತಿಕೊಂಡು ಓಡಿದಳು. ಆ ಮಗು ನಮ್ಮಮ್ಮ."

ನಮ್ಮ ದಾಖಲೆಗಳಲ್ಲಿ ಅಂಥದ್ದೊಂದೂ ಇರಲಿಲ್ಲ. ಉಪಗ್ರಹದ ಚಿತ್ರಗಳು ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ನಾನು ಮೆಲ್ಲಗೆ ಕನ್ನಡದಲ್ಲಿ, "ಅಕ್ಕಾ, ಡೇಟಾ ಇಲ್ಲದೆ ಇದನ್ನ ರಿಪೋರ್ಟ್‌ನಲ್ಲಿ ಹೇಗೆ ಹಾಕೋದು?" ಎಂದೆ.

"ಡೇಟಾ ಮುಂದ ಕುಂತು ಮಾತಾಡ್ಲಕತ್ತದ, ಕೇಳು," ಎಂದು ಅಕ್ಕ ಮೇರಿಯವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಎರಡು ಗಂಟೆ ಕೇಳಿದರು. ಗಾಳಿ ಯಾವ ಕಡೆಯಿಂದ ಬೀಸಿತ್ತು, ಯಾವ ತಿಂಗಳು, ಮಂಜುಗಡ್ಡೆ ಎಲ್ಲಿ ನಿಂತಿತು, ಎಲ್ಲವನ್ನೂ. ಮೇರಿ ಕಿತ್ತಳೆ ಬಣ್ಣದ ಕಾಡುಹಣ್ಣು ಕೊಟ್ಟರು, ಅಕ್ಕ ರೊಟ್ಟಿ ಮುರಿದು ಕೊಟ್ಟರು. ಚಟ್ನಿಪುಡಿಯ ಖಾರಕ್ಕೆ ಆ ಅಜ್ಜಿ ಕಣ್ಣೊರೆಸಿಕೊಳ್ಳುತ್ತ ನಕ್ಕರು, ಮತ್ತೆ ಕೈ ಚಾಚಿದರು.

ಮರುದಿನ ಬೆಳಿಗ್ಗೆ ಹಿಮಕರಡಿ ಬಾರದಂತೆ ಕಾಯುವ ಕೋವಿಯವನ ಜೊತೆ ಆ ಜಾಗಕ್ಕೆ ಹೋದೆವು. ಅಲೆಗಳು ತಲುಪಲಾರದಷ್ಟು ಒಳಗೆ, ಹುಲ್ಲಿನ ನಡುವೆ, ಕಡಲ ಉರುಟು ಕಲ್ಲುಗಳ ಉದ್ದನೆಯ ದಿಬ್ಬವೊಂದಕ್ಕೆ ನನ್ನ ಕಾಲು ಎಡವಿತು. ಪಾಚಿ ಬೆಳೆದು ಮರೆಯಾಗಿತ್ತು. ಅದರಾಚೆ ಅಂಥದ್ದೇ ಇನ್ನೊಂದು.

"ಅಕ್ಕಾ! ಇಲ್ಲಿ ಬನ್ನಿ! ಈ ಕಲ್ಲುಗಳು ಇಲ್ಲಿಗೆ ಹೇಗೆ ಬಂದ್ವು?"

ಅಕ್ಕ ಓಡಿಬಂದರು. ಕಲ್ಲೊಂದನ್ನು ಎತ್ತಿ ತಿರುಗಿಸಿದರು. ಸಮುದ್ರದ ತಳದ ಚಿಪ್ಪು ಅದಕ್ಕಿನ್ನೂ ಅಂಟಿಕೊಂಡಿತ್ತು. ಮಂಜುಗಡ್ಡೆ ಸಮುದ್ರದ ತಳವನ್ನೇ ಕೆರೆದು, ಇಲ್ಲಿಯವರೆಗೆ ದೂಡಿ ತಂದಿತ್ತು. ಒಂದು ಸಲವಲ್ಲ, ಎರಡು ಸಲ. ಅಕ್ಕ ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿದರು. "ಚೈತ್ರಾ, ಆ ಮುದುಕಿ ಹೇಳಿದ್ದು ಖರೇ ಅದ! ಟೇಪ್ ತಗಿ, ಅಳಿ, ಎಲ್ಲಾ ಅಳಿ!" ಊಟ ಮರೆತು ಸಂಜೆಯವರೆಗೆ ಅಳೆದೆವು. ನನ್ನ ಜೀವನದಲ್ಲಿ ಅಷ್ಟು ಖುಷಿಯಿಂದ ಕೆಲಸ ಮಾಡಿದ ದಿನ ಇನ್ನೊಂದಿಲ್ಲ.

ಖುಷಿ ಐಸೆಲಿನ್‌ಗೆ ಬಂದ ಮೇಲೆ ಭಯವಾಯಿತು. ಪೈಪು, ಟ್ಯಾಂಕು, ಹಡಗುಕಟ್ಟೆ ಎಲ್ಲದರ ನಕ್ಷೆ ಆ ಹಳೆಯ ಜಾಗಕ್ಕೇ ತಯಾರಾಗಿತ್ತು. ನಮ್ಮ ಯೋಜನೆಯ ಮುಖ್ಯಸ್ಥ ಮಾರ್ಕ್ ಕೆಟ್ಟವನಲ್ಲ. ಆದರೆ ಗ್ರಾಹಕರು ಮುಂದಿನ ವಾರವೇ ಬರುವವರಿದ್ದರು. "ಇಂದುಮತಿ, ಒಂದು ತಡೆಗೋಡೆ ಸೇರಿಸೋಣ. ಜಾಗ ಬದಲಿಸಿದರೆ ಅವರು ಯೋಜನೆಯನ್ನೇ ಕೈಬಿಡಬಹುದು," ಎಂದ. ಕೈಬಿಟ್ಟರೆ ಅರ್ಧ ತಂಡದ ಕೆಲಸ ಹೋಗುತ್ತಿತ್ತು. ನನ್ನ ವೀಸಾ ಆ ಕೆಲಸಕ್ಕೇ ಅಂಟಿಕೊಂಡಿತ್ತು.

ಅಕ್ಕ ಮಾರ್ಕ್‌ನ ಮುಂದೆ ಶಾಂತವಾಗಿ, ಇಂಗ್ಲಿಷಿನಲ್ಲಿ, ಆ ನಕ್ಷೆಗೆ ತಮ್ಮ ಸಹಿ, ಮುದ್ರೆ ಎರಡೂ ಬೀಳುವುದಿಲ್ಲ ಎಂದರು. ಹೊರಗೆ ಬಂದು ನನ್ನ ಮುಖ ನೋಡಿದರು. "ನಿನಗ ಅಂಜಿಕಿ ಆಗೇದ. ನನಗೂ ಆಗೇದ. ಹಿಂಗಾಗಿ ಬರೇ 'ಬ್ಯಾಡ' ಅಂದ್ರ ಸಾಲಂಗಿಲ್ಲ. ಮತ್ತ ಎಲ್ಲಿ ಅಂತ ಹೇಳ್ಬೇಕು. ನೆಲ ನಾ ನೋಡ್ತೀನಿ, ಸಮುದ್ರ ನೀ ನೋಡು."

ಆರು ದಿನ ಇಬ್ಬರೂ ಕರಾವಳಿಯನ್ನು ಗೇಣುಗೇಣಾಗಿ ಓದಿದೆವು. ಐದನೆಯ ದಿನ, ಪೂರ್ವಕ್ಕೆ ಹನ್ನೊಂದು ಮೈಲಿಯಾಚೆ, ಒಂದು ದಿಣ್ಣೆಯ ಮರೆಯಲ್ಲಿ ಅಕ್ಕನಿಗೆ ಬೇಕಾದ ಗಟ್ಟಿ ನೆಲ ಸಿಕ್ಕಿತು. ನಾನು ಅದರ ಮುಂದಿನ ನೀರಿನ ಆಳದ ಅಂಕಿಗಳನ್ನು ತೆರೆದೆ. ಎರಡು ಸಲ ನೋಡಿದೆ. ಸಮುದ್ರ ಅಲ್ಲಿ ದಡದ ಹತ್ತಿರವೇ ಆಳವಾಗುತ್ತಿತ್ತು! ಹಡಗು ಹತ್ತಿರ ಬರಬಹುದು, ಕಟ್ಟೆಯ ಉದ್ದ ಅರ್ಧಕ್ಕಿಂತ ಕಡಿಮೆ ಸಾಕು.

"ಅಕ್ಕಾ, ಕಟ್ಟೆ ಚಿಕ್ಕದಾಗುತ್ತೆ!" ಎಂದು ನಾನು ಕೂಗಿದ್ದಕ್ಕೆ ಇಡೀ ಮಹಡಿ ತಿರುಗಿ ನೋಡಿತು.

ಸಭೆಯಲ್ಲಿ ಅಕ್ಕ ಕಲ್ಲುದಿಬ್ಬದ ಚಿತ್ರಗಳನ್ನು ತೋರಿಸಿ, ಮೇರಿಯವರ ಮಾತನ್ನು ಹಾಗೆಯೇ ಓದಿದರು. ಗ್ರಾಹಕರ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬ ಹಳೆಯ ಹಡಗಿನ ಕ್ಯಾಪ್ಟನ್ ಇದ್ದ. "ಹಾಗಾದರೆ ನನ್ನ ಹಡಗು ಎಲ್ಲಿ ನಿಲ್ಲಬೇಕು?" ಎಂದ. ಉತ್ತರ ಅಕ್ಕನಿಗೂ ಗೊತ್ತಿತ್ತು. ಆದರೆ ಅವರು ಕೂತುಬಿಟ್ಟು, "ಅದನ್ನು ಕಂಡುಹಿಡಿದವರು ಚೈತ್ರಾ," ಎಂದರು. ನಾನು ಪರದೆಯ ಮೇಲೆ ನಕ್ಷೆ ಹಾಕಿದೆ. ಮೊದಲ ಎರಡು ವಾಕ್ಯ ತೊದಲಿದೆ. ಮೂರನೆಯದಕ್ಕೆ ಕ್ಯಾಪ್ಟನ್ ಎದ್ದು ಪರದೆಯ ಹತ್ತಿರ ಬಂದ. ಆಮೇಲೆ ನಾನು ತೊದಲಲಿಲ್ಲ. ಹೊಸ ಜಾಗಕ್ಕೆ ಒಪ್ಪಿಗೆ ಸಿಕ್ಕಿತು, ಒಂದು ಷರತ್ತಿನ ಮೇಲೆ: ಅಲ್ಲಿ ಪರೀಕ್ಷೆಗೆ ಕಂಬಗಳನ್ನು ನೆಟ್ಟು, ಒಂದಿಡೀ ಬೇಸಿಗೆ ಕಳೆದ ಮೇಲೂ ನೆಲ ಕರಗದೆ ಉಳಿಯುತ್ತದೆಂದು ತೋರಿಸಬೇಕು.

ಕಂಬಗಳನ್ನು ನೋಡಿಕೊಳ್ಳಲು ಯಾರು ಹೋಗುತ್ತಾರೆಂದು ಮಾರ್ಕ್ ಕೇಳಿ ಮುಗಿಸುವ ಮೊದಲೇ ಅಕ್ಕ ಕೈಯೆತ್ತಿದ್ದರು. ಆಗ ಅವರಿಗೆ ಅರವತ್ತೊಂದು. ಅಂಕಲ್ ಕೂಡ ಹೊರಟರು. "ಅಲ್ಲಿ ಕ್ಲಿನಿಕ್ಕಿಗೆ ಮಕ್ಕಳ ಡಾಕ್ಟರ್ ಬೇಕಂತ, ನಾ ಮನ್ಯಾಗ ಕುಂತು ಏನ್ ಮಾಡ್ಲಿ?" ಎಂದರು. ನೆವಾರ್ಕ್ ವಿಮಾನ ನಿಲ್ದಾಣಕ್ಕೆ ನಾನೇ ಡ್ರೈವ್ ಮಾಡಿದೆ. ಅಕ್ಕ ದಾರಿಯುದ್ದಕ್ಕೂ ಕಂಬಗಳ ಬಗ್ಗೆಯೇ ಮಾತಾಡಿದರು. ಇಳಿಯುವಾಗ ಮಾತ್ರ ನನ್ನ ಕೆನ್ನೆ ತಟ್ಟಿ, "ಊಟ ಬಿಡಬ್ಯಾಡ," ಎಂದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಆ ಪರೀಕ್ಷೆಯ ಬೇಸಿಗೆ ಮುಗಿದಾಗ, ಕಂಪ್ಯೂಟರ್ ಪರದೆಯ ಮೇಲೆ. ಅವರು ನ್ಯೂಜೆರ್ಸಿಗೆ ಮರಳಲಿಲ್ಲ. ಕಂಪನಿಯ ಕೆಲಸ ಬಿಟ್ಟು ಅಲ್ಲಿಯ ಕಾಲೇಜಿನಲ್ಲಿ ನೆಲದ ಪಾಠ ಹೇಳುತ್ತಿದ್ದಾರೆ. ಮೆಟುಚೆನ್‌ನ ಮನೆಯಲ್ಲಿ ಈಗ ಬೇರೆಯವರಿದ್ದಾರೆ.

ಆ ದಿನ ಕಂಬದ ಬುಡಕ್ಕೆ ಇಳಿಸಿದ್ದ ಥರ್ಮಾಮೀಟರುಗಳನ್ನು ಓದುವುದಿತ್ತು. ಮಾರ್ಕ್, ಕ್ಯಾಪ್ಟನ್, ನಾವೆಲ್ಲ ಸಭಾಕೋಣೆಯಲ್ಲಿ ಕಾದು ಕೂತಿದ್ದೆವು. ಪರದೆಯಲ್ಲಿ ಕೆಂಪು ಕೋಟಿನ ಅಕ್ಕ ಕಾಣಿಸಿದರು. ಗಾಳಿಯ ಬುಸುಗುಟ್ಟುವಿಕೆಯಲ್ಲಿ ಒಂದು ಮಾತೂ ಕೇಳಿಸಲಿಲ್ಲ. ಬಾಯಿ ಮಾತ್ರ ಆಡುತ್ತಿತ್ತು. "ಕೇಳಿಸ್ತಿಲ್ಲ ಅಕ್ಕಾ!" ಎಂದು ನಾನು ಅರಚಿದೆ. ಅವರು ನೋಟ್‌ಬುಕ್ಕಿನ ಹಾಳೆ ಹರಿದು, ಮಂಡಿಯ ಮೇಲಿಟ್ಟು ಬರೆದು, ಎರಡೂ ಕೈಯಲ್ಲಿ ಹಿಡಿದು ಕ್ಯಾಮೆರಾಗೆ ತೋರಿಸಿದರು. ಸೊನ್ನೆಗಿಂತ ಆರು ಡಿಗ್ರಿ ಕೆಳಗೆ. ನೆಲ ಗಟ್ಟಿಯಾಗಿತ್ತು.

ಕೋಣೆಯಲ್ಲಿ ಎದ್ದ ಕೂಗಿಗೆ ಪಕ್ಕದ ಆಫೀಸಿನವರು ಓಡಿಬಂದರು. ಕ್ಯಾಪ್ಟನ್ ಮೇಜು ಗುದ್ದುತ್ತಿದ್ದ. ಗಾಳಿ ಅಕ್ಕನ ಕೈಯಿಂದ ಹಾಳೆ ಕಿತ್ತುಕೊಂಡು ಹೋಯಿತು. ಅವರು ಅದರ ಹಿಂದೆ ಓಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಆ ದಪ್ಪ ಬೂಟುಗಳಲ್ಲೇ, ಪರದೆ ಕಪ್ಪಾಗುವ ತನಕ ಕುಣಿದರು.