ಚಕ್ರಕ್ಕೆ ಸುತ್ತಿದ ದಾರ

ಮೇಸ್ತ್ರಿಯ ಹೆಂಡತಿಗೆ ಗ್ರೀಸಿನ ವಾಸನೆ ಕಂಡರೆ ಆಗುತ್ತಿರಲಿಲ್ಲ. ಮನೆಯಲ್ಲೇ ಕೂತು ಊರವರ ಬಟ್ಟೆ ಹೊಲಿಯುವ ಹೆಂಗಸು ಅವಳು. ಒಂದು ಕಪ್ಪು ಬೆರಳಚ್ಚು ಬಿದ್ದರೆ ಇಡೀ ದಿನದ ಕೆಲಸ ಮಣ್ಣುಪಾಲು. ಗಂಡ ಬಸ್ ರಿಪೇರಿ ಮುಗಿಸಿ ಡಿಪೋದಿಂದ ಬಂದರೆ ಸಾಕು, "ಅಲ್ಲೇ ನಿಂತ್ಕೊಳ್ಳಿ, ಏನೂ ಮುಟ್ಬೇಡಿ" ಎಂದು ಹೊಸ್ತಿಲಲ್ಲೇ ಸೋಪು ಕೊಡುತ್ತಿದ್ದಳು. "ನಿನ್ನ ಹೊಟ್ಟೆ ತುಂಬಿಸೋ ಗ್ರೀಸು ಕಣೇ ಇದು, ಸ್ವಲ್ಪ ಮರ್ಯಾದೆ ಕೊಡು" ಎಂದು ಅವನು ಕೈಯೊಡ್ಡಿ ಅವಳನ್ನು ಅಟ್ಟಿಸಿಕೊಂಡು ಬರುತ್ತಿದ್ದ.

ಆ ಮೇಸ್ತ್ರಿಯ ಕಾಲಿನ ಬಲ ಮೆಲ್ಲಗೆ ಇಳಿಯಿತು. ನರದ ಕಾಯಿಲೆ ಎಂದರು. ಗಾಲಿಕುರ್ಚಿ ಮನೆಗೆ ಬಂದ ದಿನ ಅವನೇ ಹೆಂಡತಿಗೆ ಸಮಾಧಾನ ಹೇಳಿದ. "ಕಾಲು ಹೋದ್ರೆ ಹೋಗ್ಲಿ ಬಿಡು. ಮೆಕ್ಯಾನಿಕ್ಕಿಗೆ ಕೈ ಇದ್ರೆ ಸಾಕು." ಆದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಅವಳೊಬ್ಬಳನ್ನೇ ಕರೆದು, ಮುಂದೆ ಕೈಗೂ ಬರುತ್ತದೆ, ಯಾವಾಗ ಎಂದು ಹೇಳಲಾಗದು ಎಂದಿದ್ದರು. ಆ ಮಾತನ್ನು ಅವಳು ಗಂಡನಿಗೆ ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಳ್ಳುವಳು, ನಾಳೆ ಅವನು ಏನಾದರೊಂದು ತಮಾಷೆ ಮಾಡುವನು, ಅವಳು ಮತ್ತೆ ನಾಳೆಗೆ ತಳ್ಳುವಳು.

ಡಿಪೋದ ಗೆಳೆಯರು ಸೇರಿ ಅವನಿಗೊಂದು ರಿಮೋಟ್ ಟ್ರಕ್ ತಂದುಕೊಟ್ಟರು. ಮೊಳದುದ್ದದ ನೀಲಿ ಗಾಡಿ, ಮೈಗಿಂತ ಚಕ್ರವೇ ದೊಡ್ಡದು. ಕುರ್ಚಿಯಲ್ಲಿ ಕೂತು ರಿಮೋಟಿನ, ಬಂದೂಕಿನದರಂಥ ಕುದುರೆಯನ್ನು ಬೆರಳಲ್ಲಿ ಎಳೆದರೆ ಅಂಗಳದ ಮಣ್ಣು ಎರಚಿಕೊಂಡು ಓಡುತ್ತಿತ್ತು. ಗುಂಡಿಯ ಡಬ್ಬಿಯನ್ನೋ ಕತ್ತರಿಯನ್ನೋ ಅದರ ಬೆನ್ನಿಗೇರಿಸಿ ಹೊಲಿಗೆ ಮಷೀನಿನ ಹತ್ತಿರ ಕಳಿಸಿ, "ಲೋಡು ಬಂತು, ಇಳಿಸ್ಕೊಳ್ಳಮ್ಮ. ಡ್ರೈವರಿಗೆ ಚಾ ಇಲ್ವಾ?" ಎಂದು ಕೂಗುತ್ತಿದ್ದ.

ಮೊದಮೊದಲು ಗಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ತಾನೇ ಶುಚಿ ಮಾಡುತ್ತಿದ್ದ. ಕೆಲವು ತಿಂಗಳಲ್ಲಿ ಸಣ್ಣ ನಟ್ಟುಗಳು ಬೆರಳಿನಿಂದ ಜಾರತೊಡಗಿದವು. "ಕಣ್ಣು ಮಂಜಾಗಿದೆ, ನೀನೇ ಬಿಚ್ಚು" ಎಂದ. ಕಣ್ಣಲ್ಲ ಎಂದು ಅವಳಿಗೆ ಗೊತ್ತಿತ್ತು. ಗ್ರೀಸಿಗೆ ಮೂಗು ಮುರಿಯುತ್ತಿದ್ದವಳು ಹಳೇ ಸೀರೆ ಹಾಸಿ ನೆಲದ ಮೇಲೆ ಕೂತಳು.

"ಮೊದ್ಲು ಬ್ಯಾಟರಿ ತೆಗಿ. ಬಸ್ಸಾದ್ರೂ ಅಷ್ಟೇ, ಆಟಿಕೆಯಾದ್ರೂ ಅಷ್ಟೇ. ನೀರು ತೋರಿಸ್ಬೇಡ, ಒಳಗೆ ವೈರಿದೆ. ಒಣ ಬ್ರಷ್ಷಲ್ಲಿ ಉಜ್ಜು. ಹಾಂ, ಬೇರಿಂಗಿಗೆ ಒಂದೇ ಹನಿ ಎಣ್ಣೆ. ಎರಡು ಹಾಕಿದ್ಯೋ, ಧೂಳನ್ನ ಊಟಕ್ಕೆ ಕರೆದ ಹಾಗೆ."

ಗಾಡಿಯ ಓಟ ಮೊದಲ ಸಲ ಮಂಕಾದಾಗ ತಪ್ಪು ನಿಜಕ್ಕೂ ಅವಳದೇ ಆಗಿತ್ತು. ಹಿಂದಿನ ಚಕ್ರ ಕಳಚಿ ನೋಡಿದರೆ, ಹೊಲಿಗೆಯ ಮೂಲೆಯಲ್ಲಿ ಬಿದ್ದ ದಾರವೆಲ್ಲ ಅಚ್ಚಿಗೆ ಸುತ್ತಿಕೊಂಡು ಗಂಟಾಗಿತ್ತು. "ನನ್ನ ಗಾಡಿಗೂ ಅಂಗಿ ಹೊಲಿದ್ಯಾ?" ಎಂದು ಅವನು ಗದರಿದ. ಕತ್ತರಿಸಿ ತೆಗೆದ ಮೇಲೆ ಗಾಡಿ ಮತ್ತೆ ಚಂಗನೆ ಓಡಿತು.

ಎರಡನೇ ಸಲ ಮಂಕಾದಾಗಲೂ ಅವನು ಅದನ್ನೇ ಹೇಳಿದ. "ನೋಡೇ, ಮತ್ತೆ ನಿನ್ನ ದಾರ." ಅವಳು ನಾಲ್ಕೂ ಚಕ್ರ ಬಿಚ್ಚಿದಳು. ಅಚ್ಚು ಕನ್ನಡಿಯ ಹಾಗಿತ್ತು. ಮಧ್ಯಾಹ್ನ ಅವನು ಮಲಗಿದಾಗ ರಿಮೋಟ್ ತೆಗೆದುಕೊಂಡು ತಾನೇ ಕುದುರೆ ಎಳೆದಳು. ಗಾಡಿ ಗುಂಡಿನಂತೆ ಹೋಗಿ ಕಪಾಟಿಗೆ ಬಡಿಯಿತು. ಗಾಡಿಗೆ ಏನೂ ಆಗಿರಲಿಲ್ಲ. ಅವನ ಬೆರಳು ಅರ್ಧಕ್ಕೇ ನಿಲ್ಲುತ್ತಿತ್ತು.

ಅವಳು ರೀಲಿನಿಂದ ಒಂದಿಷ್ಟು ದಾರ ಹರಿದು, ಎಣ್ಣೆಯಲ್ಲಿ ಹೊಸಕಿ, ಅವನು ಎದ್ದಾಗ ಮುಂದೆ ಹಿಡಿದಳು. "ನೀವು ಹೇಳಿದ್ದು ಸರಿ ಕಣ್ರೀ. ಇಗೋ, ಇಷ್ಟು ಸುತ್ಕೊಂಡಿತ್ತು."

"ನಾನು ಹೇಳ್ಲಿಲ್ವಾ? ಸದ್ದಲ್ಲೇ ಗೊತ್ತಾಗುತ್ತೆ ನನಗೆ."

ಅವನ ಮುಖ ಅರಳಿತು. ಅಂದಿನಿಂದ ಅದೇ ಒಂದು ಕಸುಬಾಯಿತು. ಬೆರಳು ಸೋತಷ್ಟೂ ಬೈಗುಳ ಜೋರಾಗುತ್ತಿತ್ತು, ಅವಳು ತೋರಿಸುವ ದಾರದ ಉಂಡೆ ದಪ್ಪವಾಗುತ್ತಿತ್ತು. ಒಂದು ದಿನ ಮನೆಗೆ ಬಂದ ನಾದಿನಿಯ ಎದುರಿಗೇ, "ನಿಮ್ಮತ್ತಿಗೆ ಕಸ ಗುಡಿಸೋದನ್ನೇ ಮರ್ತಿದಾಳೆ" ಎಂದ. ನಾದಿನಿ ಅಡುಗೆಮನೆಗೆ ಬಂದು, "ಅಣ್ಣನಿಗೆ ಇರೋದು ಅದೊಂದೇ ಖುಷಿ. ನೆಲ ಸ್ವಲ್ಪ ಚೊಕ್ಕ ಇಟ್ಕೋಬಾರ್ದಾ ಅತ್ತಿಗೆ?" ಎಂದಳು. "ಇಟ್ಕೋತೀನಮ್ಮ" ಎಂದು ಇವಳು ಹಾಲು ಉಕ್ಕದ ಹಾಗೆ ನೋಡುತ್ತ ನಿಂತಳು. ಬೈದರೆ ಮೈಗೇನು ತೂತು ಬೀಳುವುದಿಲ್ಲ. ಕೈ ಹೋಗುತ್ತಿದೆ ಎಂದು ಅವನಿಗೆ ತಿಳಿಯುವ ದಿನ ಒಂದಿಷ್ಟು ದೂರ ಹೋದರೆ ಸಾಕು.

ಶಾಲೆಗಳು ಶುರುವಾಗುವ ಹೊತ್ತಿಗೆ ಸಮವಸ್ತ್ರದ ಹೊಲಿಗೆ ತಲೆಮೇಲೆ ಬಿತ್ತು. ನಿದ್ದೆಗೆಟ್ಟ ಕಣ್ಣಲ್ಲಿ ಒಂದು ಬೆಳಿಗ್ಗೆ ಗಾಡಿ ಬಿಚ್ಚಿ, ಸೆರಗಿನ ಮರೆಯಿಂದ ದಾರ ತೆಗೆದು, "ಇಗೋ ನೋಡಿ" ಎಂದಳು.

ಅವನು ದಾರವನ್ನು ನೋಡಿದ. ಮಷೀನಿನ ಪಕ್ಕದ ರಾಶಿಯನ್ನು ನೋಡಿದ. ಬಾಗಿಲವರೆಗೂ ಅಂಗಿಗಳೇ.

"ಇದು ಕೆಂಪು" ಎಂದ. "ಈ ತಿಂಗಳೆಲ್ಲ ನೀನು ಹೊಲಿದಿದ್ದು ಬಿಳಿ."

ಅವನು ಬಲಗೈಯನ್ನು ಮೇಲೆತ್ತಿ, ತೋರುಬೆರಳನ್ನು ಮಡಚಲು ನೋಡಿದ. ಅದು ಬಾಗಿ, ನಡುಗಿ, ಅಲ್ಲೇ ನಿಂತಿತು.

"ಎಷ್ಟು ದಿನದಿಂದ ಗೊತ್ತಿತ್ತು?"

"ಗಾಡಿ ಬರೋಕ್ಕಿಂತ ಮುಂಚಿನಿಂದ."

"ಅಷ್ಟು ಬೈಸ್ಕೊಂಡ್ಯಲ್ಲ ಮಾರಾಯ್ತಿ." ನಗಲು ಹೋದ, ನಗು ಅರ್ಧಕ್ಕೇ ಕೆಮ್ಮಾಯಿತು. ಆಮೇಲೆ ಕಿಟಕಿಯ ಕಡೆ ತಿರುಗಿ ಕೂತ. ಅವಳು ಬಿಚ್ಚಿದ್ದ ಚಕ್ರಗಳನ್ನು ಒಂದೊಂದಾಗಿ ಹಾಕಿದಳು. ಹತ್ತಿರ ಹೋಗಿ ಕೂರಲು ಧೈರ್ಯವಾಗಲಿಲ್ಲ.

ಕೊನೆಗೆ ಅವನೇ ಮಾತಾಡಿದ, ಡಿಪೋದಲ್ಲಿ ಹುಡುಗರಿಗೆ ಹೇಳುವ ದನಿಯಲ್ಲಿ. "ಓಡ್ಸದೆ ಇರೋ ಗಾಡೀನ ಹಾಗೇ ನಿಲ್ಲಿಸ್ಬಾರ್ದು, ಕೆಡುತ್ತೆ. ಬ್ಯಾಟರಿ ಬೇರೆ ಇಡು, ಪೂರ್ತಿ ಚಾರ್ಜ್ ಬೇಡ, ಅರ್ಧ ಇರ್ಲಿ. ಗೇರಿಗೆ ಗ್ರೀಸ್ ಸವರು. ಹೊಟ್ಟೆ ಕೆಳಗೆ ಏನಾದ್ರೂ ಕೊಟ್ಟು ಎತ್ತಿಡು. ಭಾರ ಟಯರ್ ಮೇಲೆ ಬಿದ್ರೆ ಚಪ್ಪಟೆ ಆಗ್ತವೆ."

ಅವನು ಹೇಳಿದ ಹಾಗೆಲ್ಲ ಅವಳು ಮಾಡಿದಳು. ಗುಂಡಿಯ ಡಬ್ಬಿಯನ್ನು ಕೆಳಗಿಟ್ಟು ಗಾಡಿಯನ್ನು ಅದರ ಮೇಲೆ ಕೂರಿಸಿದಳು. ನಾಲ್ಕೂ ಚಕ್ರ ಗಾಳಿಯಲ್ಲಿ ನಿಂತವು.

"ಮುಂದಿನ ಚಕ್ರ ಒಂದ್ಸಲ ತಿರುಗಿಸು."

ತಿರುಗಿಸಿದಳು. ಸದ್ದಿಲ್ಲದೆ ತಿರುಗಿತು, ತಿರುಗುತ್ತಲೇ ಇತ್ತು. ಅವನು ಕಣ್ಣು ಮುಚ್ಚಿ ಕಿವಿಗೊಟ್ಟ.

"ಎಷ್ಟು ಚೆನ್ನಾಗಿ ಇಟ್ಟಿದೀಯೆ" ಎಂದ.

ಇನ್ನು ಅವನು ಬೈಯುವುದಿಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ಗ್ರೀಸಾದ ಕೈಯಲ್ಲೇ ಅವನ ಕೈ ಹಿಡಿದುಕೊಂಡಳು. ಒರೆಸಿಕೊಳ್ಳಬೇಕು ಎಂದು ಅವಳಿಗೆ ಅನ್ನಿಸಲೇ ಇಲ್ಲ.