ಧ್ವಜಾಯದ ಮನೆ

ಹಾವೇರಿಯ ನಮ್ಮ ಮನೆಯ ಉದ್ದ ನಲವತ್ತೈದು ಅಡಿ. ಅದು ನಲವತ್ತೇಳು ಆಗಬಹುದಿತ್ತು. ಆ ಎರಡು ಅಡಿಯ ಬಗ್ಗೆ ನಾನು ನನ್ನ ಅಕ್ಕನಿಗೆ ಸುಳ್ಳು ಹೇಳಿದೆ. ಹೆಂಡತಿಗೂ ಮಕ್ಕಳಿಗೂ ಅದನ್ನೇ ಹೇಳಿದೆ. ಈಗ ನನಗೆ ಎಪ್ಪತ್ತೆರಡು ದಾಟಿದೆ. ಮನೆಯವರ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡದ್ದಾಗಿದೆ. ಆದರೆ ಬಾಯಿಂದ ಹೇಳುವಾಗ ಮನುಷ್ಯ ನಡುನಡುವೆ ತನ್ನನ್ನು ತಾನು ಉಳಿಸಿಕೊಳ್ಳುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಮದುವೆಯಾದ ಎರಡನೆಯ ವರ್ಷ ಗಂಡ ತೀರಿಕೊಂಡ. ಕರ್ಜಗಿಯ ನಮ್ಮ ಮನೆಗೆ ವಾಪಸು ಬಂದಳು. ಅಪ್ಪ ಹೋದಾಗ ನಾನು ಎಂಟನೆಯ ಇಯತ್ತೆಯಲ್ಲಿದ್ದೆ. ನನ್ನನ್ನು ಶಾಲೆ ಬಿಡಿಸುವ ಮಾತು ಬಂತು. ಅಕ್ಕ, “ಅವ ಕಲೀಲಿ, ನಾ ದುಡೀತೀನಿ” ಎಂದವಳೇ ಬೆಳಗಿನ ಗಾಡಿ ಹತ್ತಿ ಬ್ಯಾಡಗಿಗೆ ತುಂಬು ಬಿಡಿಸಲು ಹೋಗತೊಡಗಿದಳು. ಒಣ ಮೆಣಸಿನಕಾಯಿಯ ತೊಟ್ಟು ಮುರಿದು ಬೇರೆ ಮಾಡುವ ಕೆಲಸ ಅದು. ಸಂಜೆ ಮನೆಗೆ ಬಂದರೆ ಆ ಕೈಯಿಂದ ನನ್ನ ಮುಖ ಮುಟ್ಟುತ್ತಿರಲಿಲ್ಲ, ಉರಿಯುತ್ತದೆಂದು. ತಲೆ ಸವರಬೇಕೆನಿಸಿದರೆ ಮೊಣಕೈಯಿಂದ ಸವರುತ್ತಿದ್ದಳು. ನಾನು ಹತ್ತನೆಯ ಇಯತ್ತೆ ಪಾಸಾಗಿ ಬ್ಯಾಡಗಿಯ ಒಬ್ಬ ಮಾಲೀಕರ ಬಳಿ ಕೆಲಸಕ್ಕೆ ಸೇರಿದೆ. ಮುಂದೆ ಅವರ ಕೋಲ್ಡ್ ಸ್ಟೋರೇಜಿನಲ್ಲೇ ಮೂವತ್ತು ವರ್ಷ ಕಳೆದೆ. ಯಾವ ರೈತನ ಚೀಲ ಯಾವ ಅಂತಸ್ತಿನಲ್ಲಿ, ಯಾವ ಸಾಲಿನಲ್ಲಿ ಇರಬೇಕೆಂದು ಹೇಳುವುದು ನನ್ನ ಕೆಲಸ. ಜಾಗ ಇಲ್ಲ ಎಂದು ಯಾರನ್ನೂ ವಾಪಸು ಕಳಿಸಿದವನಲ್ಲ ಎಂಬ ಜಂಬ ನನಗಿತ್ತು.

ಕೆಲಸದಿಂದ ನಿವೃತ್ತನಾದ ಮೇಲೆ ಎಲ್ಲರೂ ಒಂದೇ ಸೂರಿನಡಿ ಇರುವಂಥ ಮನೆ ಕಟ್ಟಬೇಕೆಂಬ ಆಸೆ ಬಂತು. ದೊಡ್ಡ ಮಗ ಕುಮಾರಪಟ್ಟಣದ ಕಾರ್ಖಾನೆಯಲ್ಲಿದ್ದಾನೆ. ಹೆಂಡತಿ ಮಕ್ಕಳೊಡನೆ ರಾಣೇಬೆನ್ನೂರಿನಲ್ಲಿ ಬಾಡಿಗೆಗಿದ್ದ. ಸಣ್ಣವನದು ಹಾವೇರಿಯಲ್ಲಿ ಔಷಧಿ ಅಂಗಡಿ. ಹಾವೇರಿಯಲ್ಲಿ ನಲವತ್ತು ಅರವತ್ತರ ಒಂದು ಸೈಟು ಹಿಡಿದೆವು. ಅದಕ್ಕಾಗಿ ಕರ್ಜಗಿಯ ಮನೆ ಮಾರಬೇಕಾಯಿತು. ಅದರಲ್ಲಿ ಅಕ್ಕನದೂ ಪಾಲಿತ್ತು. ನೋಂದಣಿ ಕಚೇರಿಯಲ್ಲಿ ಅವಳ ಹೆಬ್ಬೆರಳನ್ನು ಯಂತ್ರದ ಮೇಲೆ ಇಟ್ಟರೆ ಗುರುತೇ ಮೂಡಲಿಲ್ಲ. ತೊಟ್ಟು ಮುರಿದೂ ಮುರಿದೂ ಬೆರಳಿನ ಗೆರೆ ಸವೆದುಹೋಗಿದ್ದವು. ಒರೆಸಿ, ಎಣ್ಣೆ ಹಚ್ಚಿ, ಐದನೆಯ ಸಲಕ್ಕೆ ಮೂಡಿತು. “ಗೆರಿ ಎಲ್ಲಾ ಬ್ಯಾಡಗ್ಯಾಗ ಬಿಟ್ಟ ಬಂದೇನ್ರಿ ಸಾಹೇಬ್ರ” ಎಂದು ಅಕ್ಕ ನಕ್ಕಳು. ಕಚೇರಿಯವರೂ ನಕ್ಕರು.

ನಕ್ಷೆ ಬರೆದವಳು ರಾಣೇಬೆನ್ನೂರಿನ ಒಬ್ಬ ಹುಡುಗಿ, ಇಂಜಿನಿಯರು. ಜಾಣೆ. ನನ್ನೊಬ್ಬನನ್ನೇ ಕೇಳದೆ ಎಲ್ಲರನ್ನೂ ಕೂರಿಸಿಕೊಂಡು ಯಾರಿಗೇನು ಬೇಕೆಂದು ಬರೆದುಕೊಂಡಳು. ಸೊಸೆಯರು ಮಹಡಿಯ ಮೇಲೆ ತಮ್ಮ ತಮ್ಮ ಕೋಣೆ ಹೇಳಿದರು. ನನ್ನ ಹೆಂಡತಿ ದೇವರ ಜಗಲಿ, ಅಡಿಗೆಮನೆಯ ಕಟ್ಟೆಯ ಎತ್ತರ ಹೇಳಿದಳು. ಕೊನೆಗೆ ಅಕ್ಕನ ಸರದಿ.

“ನನಗೇನು ಬೇಕವ್ವಾ, ಒಂದು ಮೂಲಿ ಸಾಕು.”

“ಹಂಗಲ್ರಿ ಅಮ್ಮಾ, ಹೇಳ್ರಿ. ಆಮ್ಯಾಲೆ ಇವರನ್ನ ಬೈಕೋತ ಕುಂದ್ರಬ್ಯಾಡ್ರಿ.”

“ಹಂಗಾರ ಬರಕೋ. ಖೋಲಿಯಿಂದನ ಬಚ್ಚಲಕ್ಕ ಒಂದು ಬಾಗಲಾ ಇರ್ಲಿ. ಅಲ್ಲೇ ಸಂಡಾಸ ಇರ್ಲಿ. ಮೊಣಕಾಲು ಇನ್ನ ಹಿತ್ತಲಾ ತಿರಗಂಗಿಲ್ಲ ಅಂತಾವು.”

ಅವಳು ಆ ಮನೆಯಲ್ಲಿ ಕೇಳಿದ್ದು ಅದೊಂದೇ. ಹುಡುಗಿ ಕೆಳಗೆ ಹಿಂಭಾಗದಲ್ಲಿ ಅಕ್ಕನಿಗೆ ಕೋಣೆಯಿಟ್ಟು, ಅದರ ತುದಿಗೆ ಐದು ಅಡಿಯ ಬಚ್ಚಲು ತೋರಿಸಿದಳು. ಮನೆಯ ಅಗಲ ಇಪ್ಪತ್ತೊಂಬತ್ತು, ಉದ್ದ ನಲವತ್ತೆಂಟು.

ಪಾಯ ತೋಡುವ ಮೊದಲು ಆಯ ನೋಡಿಸುವುದು ನಮ್ಮ ಕಡೆಯ ಪದ್ಧತಿ. ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸುತ್ತಾರೆ. ಉಳಿದ ಶೇಷ ಬೆಸವಾದರೆ ಶುಭ, ಸಮವಾದರೆ ಅಥವಾ ಏನೂ ಉಳಿಯದಿದ್ದರೆ ಅಶುಭ. ನಮಗೆ ಆಯ ನೋಡಿದವನು ಬಡಿಗತನ ಬಿಟ್ಟ ಒಬ್ಬ ಮುದುಕ. ಸಿಮೆಂಟ್ ಚೀಲದ ಹಾಳೆಯ ಮೇಲೆ ಲೆಕ್ಕ ಹಾಕಿ ತಲೆ ಅಲ್ಲಾಡಿಸಿದ.

“ಏನೂ ಉಳಿಯಂಗಿಲ್ರಿ. ಕಾಕಾಯ. ಕಾಗಿ ಕೂತಂಗ, ಮಂದಿ ಮನ್ಯಾಗ ನಿಂದ್ರಂಗಿಲ್ಲ.”

“ಮತ್ತ?”

“ಒಂದಡಿ ಕಡೀರಿ. ನಲವತ್ತೇಳು. ಸಿಂಹಾಯ ಬರ್ತೈತಿ, ಛಲೋನ. ಇಲ್ಲಾ ಮೂರಡಿ ಕಡೀರಿ, ನಲವತ್ತೈದು. ಧ್ವಜಾಯ. ಅದು ರಾಜಾ.”

“ಎರಡರಾಗ ಯಾವದು?”

“ಎರಡೂ ನಡೀತಾವ್ರಿ. ಮೊನ್ನೆ ಒಬ್ಬಾವಂದು ಖರಾಯ, ಅಂದ್ರ ಕತ್ತೆ ಆಯ ಬಂದಿತ್ತು. ಅವನ್ನ ನೋಡಿದ್ರ ಲೆಕ್ಕ ತಪ್ಪಿಲ್ಲ ಬಿಡು ಅನಿಸ್ತು. ನಿಮದೇನು ಅಷ್ಟ ಕೆಟ್ಟಿಲ್ಲ.”

ಅಲ್ಲಿ ಇದ್ದವರು ನಾವಿಬ್ಬರೇ. ಒಂದು ಅಡಿ ಕಡಿದರೆ ಅಕ್ಕನ ಬಚ್ಚಲು ನಾಲ್ಕು ಅಡಿಯಾಗಿ ಉಳಿಯುತ್ತಿತ್ತು. ಮೂರು ಅಡಿ ಕಡಿದರೆ ಉಳಿಯುವುದು ಎರಡಡಿ. ಅದರಲ್ಲಿ ಬಕೆಟ್ಟು ಸಹ ಸರಿಯಾಗಿ ಕೂರದು. ಇದು ನನಗೆ ಅಲ್ಲೇ, ಆ ಹಾಳೆಯ ಮುಂದೆ ನಿಂತಾಗಲೇ ಹೊಳೆದಿತ್ತು. ಆಮೇಲೆ ಗೊತ್ತಾಯಿತು ಎಂದು ಮನೆಯಲ್ಲಿ ಹೇಳಿದ್ದೆ. ಅದೂ ಸುಳ್ಳು.

ನಲವತ್ತೈದನ್ನು ಯಾಕೆ ಹಿಡಿದೆ? ಮನೆಯನ್ನು ಹಿಂದಕ್ಕೆ ಸರಿಸಿದರೆ ಮುಂದೆ ದೊಡ್ಡ ಮಗನ ಕಾರು ಗೇಟಿನ ಒಳಗೆ ನಿಲ್ಲುವಷ್ಟು ಜಾಗ ಸಿಗುತ್ತಿತ್ತು. ಕಾರು ಒಳಗೆ ನಿಲ್ಲದಿದ್ದರೆ ಅವನು ರಾಣೇಬೆನ್ನೂರು ಬಿಟ್ಟು ಬರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವನು ಹಾಗೆ ಎಂದೂ ಅಂದಿರಲಿಲ್ಲ. ಖರೇ ಹೇಳಬೇಕೆಂದರೆ, ನನ್ನ ಜೊತೆ ಕೆಲಸ ಮಾಡಿದವರ ಮನೆಗಳ ಮುಂದೆ ಎರಡು ಕಂಬದ ಪೋರ್ಚು, ಅದರಡಿ ಕಾರು ನೋಡಿದ್ದೆ. ನನ್ನ ಮನೆಯ ಮುಂದೆಯೂ ಹಾದುಹೋಗುವವರು ಅದನ್ನು ನೋಡಲಿ ಎಂಬ ಆಸೆ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಸಂಜೆ ಮನೆಗೆ ಬಂದು ಅಕ್ಕನ ಮುಂದೆ ಕುಳಿತೆ. “ಅಕ್ಕಾ, ಆಯ ಕೂಡಿ ಬರವಲ್ದು. ಮೂರಡಿ ಕಡಿಯೂದು ಬಿಟ್ರ ದಾರಿ ಇಲ್ಲಂತ. ನಿನ್ನ ಬಚ್ಚಲಾ ಹೋಕ್ಕೈತಿ.”

ಅಕ್ಕ ಸ್ವಲ್ಪ ಹೊತ್ತು ತನ್ನ ಮೊಣಕಾಲು ಸವರಿಕೊಂಡಳು. “ಹುಡುಗ್ರು ಬಾಳೇ ಮಾಡೂ ಮನಿ. ಆಯ ಕೆಡಬಾರ್ದಪ್ಪಾ” ಎಂದಳು. ನಾನು ದೇವರ, ಶಾಸ್ತ್ರದ ಹೆಸರು ಮುಂದೆ ಮಾಡಿದ್ದರಿಂದ ಅವಳಿಗೆ ಎದುರಾಡಲು ದಾರಿಯೇ ಇರಲಿಲ್ಲ.

ಇಂಜಿನಿಯರ್ ಹುಡುಗಿ ಸುಲಭಕ್ಕೆ ಬಿಡಲಿಲ್ಲ. ಮನೆಯ ಮಗ್ಗುಲಲ್ಲಿ ಏಳಡಿ ಓಣಿ ಉಳಿದಿತ್ತು. ಅಲ್ಲಿ ಅಕ್ಕನ ಕೋಣೆಯ ಗೋಡೆಗೆ ಕೂಡಿಸಿ ಬಚ್ಚಲು ಕಟ್ಟೋಣ ಎಂದಳು. ಮುದುಕ ಒಪ್ಪಲಿಲ್ಲ, ಗೋಡೆಗೆ ಕೂಡಿತೆಂದರೆ ಅದೂ ಮನೆಯೇ, ಲೆಕ್ಕ ಮತ್ತೆ ಕೆಡುತ್ತದೆ ಎಂದ. ಕೊನೆಗೆ ಓಣಿಯ ತುದಿಗೆ, ಕಾಂಪೌಂಡಿಗೆ ಹತ್ತಿ, ಬೇರೆಯಾಗಿ ಕಟ್ಟಿದೆವು. ಹಿಂದಿನ ಬಾಗಿಲಿನಿಂದ ನಾಲ್ಕು ಮೆಟ್ಟಿಲು ಇಳಿದು ಇಪ್ಪತ್ತು ಹೆಜ್ಜೆ ನಡೆಯಬೇಕು. ನಕ್ಷೆಯ ಹೊಸ ಹಾಳೆ ಕೊಡುವಾಗ ಆ ಹುಡುಗಿ, “ಅಜ್ಜಾರ, ಅಮ್ಮಾರು ಕೇಳಿದ್ದು ಅದೊಂದ ಇತ್ರಿ” ಎಂದಳು. ನಾನು ಆಯದ ಮಾತು ಎತ್ತಿ ಅವಳ ಬಾಯಿ ಮುಚ್ಚಿಸಿದೆ.

ವಾಸ್ತುಶಾಂತಿ ಚೆನ್ನಾಗಿಯೇ ಆಯಿತು. ಬಂದವರೆಲ್ಲ ಪೋರ್ಚನ್ನು ಹೊಗಳಿದರು. ಕಾರು ನಿಂತರೆ ಗೇಟಿಗೂ ಅದಕ್ಕೂ ನಡುವೆ ನಾಲ್ಕು ಬೆರಳು. ಅದನ್ನೇ ಎಲ್ಲರಿಗೂ ತೋರಿಸಿ, ಅಳತೆ ಅಂದರೆ ಹೀಗಿರಬೇಕು ಎಂದೆ. ಅಕ್ಕ ಸೆರಗು ಸಿಕ್ಕಿಸಿಕೊಂಡು ಪಂಕ್ತಿಗೆ ಹೋಳಿಗೆ ಬಡಿಸಿದಳು.

ಮೊದಲ ಕೆಲವು ತಿಂಗಳು ನನಗೇನೂ ಕಾಣಲಿಲ್ಲ. ಕಂಡದ್ದು ಹೆಂಡತಿಗೆ. “ಅಕ್ಕಾರು ಮಧ್ಯಾಹ್ನ ಆದ್ಮ್ಯಾಲೆ ನೀರ ಕುಡಿಯಂಗಿಲ್ಲ ನೋಡ್ರಿ. ಚಾ ಕೊಟ್ರ ಅರ್ಧಾ ತುಳಸಿಗೆ ಹಾಕ್ತಾರ” ಎಂದಳು. ವಯಸ್ಸಾದವರ ರೂಢಿ ಎಂದು ಸುಮ್ಮನಾದೆ. ಮಳೆಗಾಲದಲ್ಲಿ ಓಣಿ ಜಾರುತ್ತಿತ್ತು. ಸಣ್ಣ ಸೊಸೆ, “ಅತ್ತಿ, ಕೆಳಗ ನಮ್ಮ ಮಾವಾರ ಖೋಲ್ಯಾಗಿನ ಬಚ್ಚಲಾ ಬಳಸ್ರಲ್ಲಾ” ಎಂದದ್ದಕ್ಕೆ ಅಕ್ಕ, “ಗಂಡಾ ಹೆಂಡ್ತಿ ಮಲಗೂ ಖೋಲಿ ದಾಟಿ ಹೋಗೂ ವಯಸ್ಸೇನ ನಂದು?” ಎಂದು ನಗಿಸಿ ಮಾತು ಮುಗಿಸಿದಳು.

ಚಳಿಗಾಲದ ಹೊತ್ತಿಗೆ ಅವಳಿಗೆ ಜ್ವರ ಬಂತು, ಬಿಡಲಿಲ್ಲ. ದವಾಖಾನೆಗೆ ಕರೆದೊಯ್ದೆವು. ಮೂತ್ರದ ಸೋಂಕು, ಮೂತ್ರಪಿಂಡಕ್ಕೂ ಏರಿದೆ ಎಂದರು. ಡಾಕ್ಟರು ಅವಳನ್ನೇ ಕೇಳಿದರು, “ನೀರು ಯಾಕ ಕುಡಿಯಂಗಿಲ್ರಿ ಅಮ್ಮಾ?”

“ಕುಡಿದ್ರ ಏಳಬೇಕಲ್ರಿ.”

“ಏಳಾಕ ಏನು ತ್ರಾಸ?”

ಅಕ್ಕ ನನ್ನ ಕಡೆ ನೋಡಲಿಲ್ಲ. “ನಾಕು ಮೆಟ್ಲು ಅದಾವ್ರಿ” ಎಂದಳಷ್ಟೇ.

ಎಂಟು ದಿನ ಸಲೈನು ಹಚ್ಚಿದರು. ಅಲ್ಲಿಂದ ಬಿಟ್ಟ ದಿನ ಅಕ್ಕ ಮನೆಗೆ ಬರಲಿಲ್ಲ. ಬ್ಯಾಡಗಿಯ ರೈಲ್ವೆ ಸ್ಟೇಶನ್ನಿನ ಹತ್ತಿರ ಅವಳ ಜೊತೆ ತುಂಬು ಬಿಡಿಸುತ್ತಿದ್ದ ಗೆಳತಿಯ ಮನೆಯಿದೆ, ಆಕೆಯೂ ಒಬ್ಬಳೇ. “ನಾಕು ದಿನ ಅಕಿ ಕೂಡ ಇದ್ದು ಬರ್ತೀನಿ” ಎಂದು ಹೋದಳು. ನಾಲ್ಕು ದಿನ ಎರಡು ತಿಂಗಳಾಯಿತು. ದೊಡ್ಡ ಮಗ ಎರಡು ಸಲ ಕಾರು ತೆಗೆದುಕೊಂಡು ಹೋದ. ಎರಡು ಸಲವೂ ಮೆಣಸಿನಕಾಯಿ ಚಟ್ನಿ ಕೊಟ್ಟು ಅವನನ್ನು ವಾಪಸು ಕಳಿಸಿದಳು.

ಆಮೇಲೆ ನಾನು ಹೋದೆ. ಹತ್ತು ಅಡಿಯ ಖೋಲಿ, ಮೇಲೆ ತಗಡು. ಒಳಗಿನಿಂದಲೇ ಎರಡು ಹೆಜ್ಜೆಗೆ ಬಚ್ಚಲು. ಇಬ್ಬರು ಮುದುಕಿಯರೂ ಹೊಸಿಲಲ್ಲಿ ಕುಳಿತು ಮೊರದಲ್ಲಿ ಒಂದಿಷ್ಟು ಕಾಯಿಯ ತೊಟ್ಟು ಮುರಿಯುತ್ತಿದ್ದರು. ಗೆಳತಿ ನನ್ನನ್ನು ನೋಡಿ, “ಬರ್ರಿ ಬರ್ರಿ, ಮ್ಯಾನೇಜರ್ ಸಾಹೇಬ್ರ. ಚೀಲಾ ಇಡಾಕ ನಮ್ಮಲ್ಲಿ ಜಾಗಾ ಇಲ್ರಿ” ಎಂದು, ಚಾ ಕಾಸಲು ಒಳಗೆ ಹೋದಳು. ಚುಚ್ಚಬೇಕೆಂದು ಅಂದದ್ದಲ್ಲ, ಚುಚ್ಚಿತು.

“ಅಕ್ಕಾ, ಒಂದು ಮಾತು ಹೇಳಬೇಕು.”

“ಹೇಳು.”

“ಆಯ ನಲವತ್ತೇಳಕ್ಕೂ ಬರ್ತಿತ್ತು. ನಿನ್ನ ಬಚ್ಚಲಾ ಉಳೀತಿತ್ತು. ಪೋರ್ಚಿನ ಸಂಬಂಧ ನಾನ ಕಡಿಸಿದೆ.”

ಅಕ್ಕ ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದು ಮೊರಕ್ಕೆ ಹಾಕಿದಳು. “ಗೊತ್ತೈತಿ.”

“ಯಾರು ಹೇಳಿದ್ರು?”

“ಆಯ ನೋಡಿದ ಅಜ್ಜ. ವಾಸ್ತುಶಾಂತಿ ದಿನಾನ. ಹೋಳಿಗಿ ಬಡಿಸಾಕತ್ತಿದ್ದೆ. ಸಿಂಹನೂ ಬರ್ತಿತ್ತವ್ವಾ, ನಿನ್ನ ತಮ್ಮಾ ಧ್ವಜಾನ ಬೇಕಂದಾ, ದೊಡ್ಡ ಮನಸಿನಾಂವ ಅಂದಾ. ಅವಗ ಇನ್ನೊಂದು ಹೋಳಿಗಿ ಹಾಕಿದೆ.”

“ಇಷ್ಟ ದಿನಾ ಯಾಕ ಸುಮ್ಮಿದ್ದಿ?”

“ನೀ ಯಾವಾಗ ಹೇಳ್ತೀ ಅಂತ ನೋಡಾಕತ್ತಿದ್ದೆ.”

ನಾನು ಅವಳ ಕಾಲು ಮುಟ್ಟಲು ಬಗ್ಗಿದೆ. “ಕಾಲಿಗೆ ಬೀಳಬ್ಯಾಡ, ಮೊದಲ ನಿನ್ನ ನಡಾ ನೆಟ್ಟಗಿಲ್ಲ” ಎಂದು ತಡೆದಳು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ನೆನಪಿಸಿದಳು.

ಮರುದಿನ ಮನೆಯಲ್ಲಿ ಎಲ್ಲರ ಮುಂದೆ ಹೇಳಿದೆ. ಹೆಂಡತಿ ಎದ್ದು ಒಳಗೆ ಹೋದಳು. ದೊಡ್ಡ ಮಗ, “ಕಾರಿಗೆ ಜಾಗಾ ಬೇಕಂತ ನಾ ಯಾವಾಗ ಕೇಳಿದ್ನೆಪ್ಪಾ? ಅತ್ತಿ ಮುಂದ ನನ್ನ ಯಾಕ ನಿಲ್ಲಿಸಿದಿ?” ಎಂದ. ಅಂದಿನಿಂದ ಅವನು ಕಾರನ್ನು ಹೊರಗೆ, ರಸ್ತೆಯ ಮೇಲೆಯೇ ನಿಲ್ಲಿಸುತ್ತಾನೆ. ಪೋರ್ಚು ಬರಿದೇ ಇದೆ.

ಇಂಜಿನಿಯರ್ ಹುಡುಗಿಯನ್ನು ಮತ್ತೆ ಕರೆಸಿದೆ. ಅಕ್ಕನ ಕೋಣೆಯ ಮಗ್ಗುಲ ಗೋಡೆ ಒಡೆದು, ಬಾಗಿಲಿಟ್ಟು, ಓಣಿಯಲ್ಲಿ ಬಚ್ಚಲು ಕೂಡಿಸಿ ಕಟ್ಟಿಸಿದೆ. “ಆಯ ಕೆಡತೈತಿ ಅಂತ ನೀವ ಹೇಳಿದ್ರಿ” ಎಂದು ಹೆಂಡತಿ ಅಂಜಿದಳು. ಗೌಂಡಿ ಸುತ್ತಿಗೆ ಹಿಡಿದು ನನ್ನ ಮುಖ ನೋಡುತ್ತ ನಿಂತಿದ್ದ. ನಾನೇ ಸುತ್ತಿಗೆ ಇಸಿದುಕೊಂಡು ಮೊದಲ ಏಟು ಹಾಕಿದೆ. ಎರಡನೆಯದಕ್ಕೆ ಕೈ ಏಳಲಿಲ್ಲ; ಉಳಿದದ್ದನ್ನು ಅವನೇ ಒಡೆದ. ಗೋಡೆಗೆ ಹಿಡಿಕೆ, ಜಾರದ ಹಾಸುಗಲ್ಲು, ಕೂರಲು ಎತ್ತರದ ಕಮೋಡು, ಎಲ್ಲವನ್ನೂ ಆ ಹುಡುಗಿ ಮರೆಯದೆ ಹಾಕಿಸಿದಳು.

ಯುಗಾದಿಗೆ ಅಕ್ಕ ಬಂದಳು. ಕೋಲೂರಿಕೊಂಡು ಕೋಣೆಗೆ ಹೋಗಿ, ಬಾಗಿಲು ತೆರೆದು, ಹಿಡಿಕೆ ಹಿಡಿದು ಜಗ್ಗಿ ನೋಡಿದಳು. “ಛಲೋ ಮಾಡ್ಸೀದಿ. ಇರ್ಲಿ, ನಿನಗೂ ಬೇಕಾಕ್ಕೈತಿ ಇನ್ನ” ಎಂದಳು. ಎಲ್ಲರ ಜೊತೆ ಕುಳಿತು ಬೇವು ಬೆಲ್ಲ ತಿಂದಳು, ಊಟ ಮಾಡಿದಳು. ಮೊಮ್ಮಕ್ಕಳನ್ನು ನಗಿಸಿದಳು. ಹಾಸಿಗೆ ಹಾಸಿಟ್ಟಿದ್ದೆವು. ಆದರೆ ಬಿಸಿಲು ಇಳಿಯುತ್ತಿದ್ದಂತೆ ಕೈಚೀಲ ಎತ್ತಿಕೊಂಡಳು.

ನಾನು ಒಂದು ತಂಬಿಗೆ ನೀರು ತಂದು ಮುಂದಿಟ್ಟೆ. “ದೂರ ಹೊಂಟೀದಿ, ನೀರರ ಕುಡಿ ಅಕ್ಕಾ.”

ಅವಳು ತಂಬಿಗೆ ನೋಡಿದಳು. ಕುಡಿಯಬೇಕೆಂದು ಕೈಯನ್ನೂ ಚಾಚಿದಳು. ಆಮೇಲೆ ಅದನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು.

“ರೂಢಿ ಆಗೇತಿ ತಮ್ಮಾ. ನಿನ್ನ ಮನ್ಯಾಗ ನನಗ ನೀರಡಿಕಿನ ಆಗೂದಿಲ್ಲ.”

ಮಗ ಅವಳನ್ನು ಕಾರಿನಲ್ಲಿ ಬ್ಯಾಡಗಿಗೆ ಬಿಟ್ಟು ಬಂದ. ನಾನು ತಂಬಿಗೆಯನ್ನು ಒಳಗೊಯ್ಯಲಾರದೆ ಅದರ ಮುಂದೆ ಕುಳಿತಿದ್ದೆ. ಕೊನೆಗೆ ಸಣ್ಣ ಸೊಸೆ ಬಂದು ಎತ್ತಿಕೊಂಡು ಹೋಗಿ ತುಳಸಿಗೆ ಹಾಕಿದಳು.