ಅಕ್ಕನ ಮನೆಯ ಗುಡ್ಡ

ಸಕ್ಕರೆ ಕಾಯಿಲೆ ನನಗೆ ಇನ್ನೂ ಬಂದಿಲ್ಲ, ಹೊಸ್ತಿಲ ಹತ್ತಿರ ಬಂದು ನಿಂತಿದೆ ಅಂತ ಕಡೂರಿನ ಡಾಕ್ಟರು ಹೇಳಿದರು. ಹೊಸ್ತಿಲಿಗೆ ಬಂದವರನ್ನು ಅಲ್ಲಿಂದಲೇ ಸಾಗಹಾಕಿ ನಮಗೆ ಅಭ್ಯಾಸವಿಲ್ಲ. ಒಳಗೆ ಕರೆದು ಕೂರಿಸಿ ಕಾಫಿ ಕೊಡುತ್ತೇವೆ. ಡಾಕ್ಟರಿಗೂ ಅದೇ ಭಯ. ನನ್ನ ಎಡತೋಳಿನ ಹಿಂಭಾಗಕ್ಕೆ ನಾಣ್ಯದಷ್ಟಗಲದ ಒಂದು ಬಿಳಿ ಬಿಲ್ಲೆ ಅಂಟಿಸಿದರು. ಎರಡು ವಾರ ಅದು ಅಲ್ಲೇ ಇರಬೇಕು. ನಾನು ತಿಂದದ್ದು ಮೈಯೊಳಗೆ ಏನು ಮಾಡುತ್ತದೆ ಅನ್ನುವುದನ್ನು ಅದು ಮೊಬೈಲಿನಲ್ಲಿ ಗೆರೆ ಎಳೆದು ತೋರಿಸುತ್ತದೆ, ಗೆರೆ ಮಿತಿ ದಾಟಿದರೆ ಮೊಬೈಲು ಕೂಗಿಕೊಳ್ಳುತ್ತದೆ. ಗೆರೆ ನೋಡಿಕೊಂಡು ಊಟ ತಿಂಡಿ ತಿದ್ದಿಕೊಳ್ಳಿ, ಮಾತ್ರೆ ಬೇಕಾಗದೇ ಇರಬಹುದು ಎಂದರು.

ನನ್ನ ಮೊಬೈಲು ಹಳೆಯದು, ಆ ಆ್ಯಪ್ ಅದರಲ್ಲಿ ಕೂರಲಿಲ್ಲ. ಹಾಗಾಗಿ ಗೆರೆ ಹೋಗಿ ಸೇರಿದ್ದು ನಮ್ಮ ಯಜಮಾನರ ಮೊಬೈಲಿಗೆ. ಮದುವೆಯಾದಾಗಿನಿಂದ ನಾನು ಹೇಳಿದ್ದನ್ನು ಅರ್ಧ ಕಿವಿಯಲ್ಲಿ ಕೇಳಿದ ಮನುಷ್ಯ, ಈಗ ನನ್ನ ರಕ್ತ ಏನು ಹೇಳುತ್ತದೆ ಅಂತ ಕನ್ನಡಕ ಹಾಕಿಕೊಂಡು ಕೂತರು. ತೋಟದ ಬೋರಿನ ಮೋಟರು ಬಿಟ್ಟರೆ ಅವರು ಇಷ್ಟು ನಿಗಾ ಮಾಡಿದ್ದು ನನ್ನನ್ನೇ. ನಾನು ಅನ್ನಕ್ಕೆ ಕೈಯಿಟ್ಟರೆ ಏರುತ್ತಿದೆ ಅನ್ನುವರು, ಹುರುಳಿಕಾಳಿನ ಉಸಲಿ ತಿಂದರೆ ಪರವಾಗಿಲ್ಲ ಅನ್ನುವರು. ಒಂದು ಸಂಜೆ ಸಿಟ್ಟು ತಡೆಯದೆ, ನಾನೇನು ಮೋಟರಾ ಅಂತ ಕೇಳಿಯೂ ಬಿಟ್ಟೆ. ಅವರು ಸುಮ್ಮನೆ ಮೊಬೈಲು ನೋಡಿ, ಸಿಟ್ಟಿಗೂ ಏರುತ್ತದೆ ಕಣೇ ಎಂದರು.

ಬೇರೆ ದಿನಗಳಾಗಿದ್ದರೆ ಸಹಿಸಬಹುದಿತ್ತು. ಆದರೆ ಮಗಳ ಮದುವೆ ಗೊತ್ತಾಗಿ, ಆ ಎರಡು ವಾರದಲ್ಲೇ ಲಗ್ನಪತ್ರಿಕೆ ಹಂಚಬೇಕಿತ್ತು. ನಮ್ಮ ಕಡೆ ಪತ್ರಿಕೆ ಕೊಡಲು ಹೋದವರು ಬಾಯಿ ಸಿಹಿ ಮಾಡಿಕೊಳ್ಳದೆ ಆ ಮನೆಯಿಂದ ಏಳುವಂತಿಲ್ಲ. ಏನೂ ಇಲ್ಲದ ಮನೆಯಲ್ಲಿ ಅಂಗೈಗೆ ಒಂದು ಚಮಚ ಸಕ್ಕರೆಯಾದರೂ ಹಾಕುತ್ತಾರೆ. ಬೇಡ ಅಂದರೆ ಮದುಮಗಳಿಗೆ ಒಳ್ಳೆಯದಲ್ಲ, ಆ ಮನೆಯವರಿಗೂ ಮುನಿಸು.

ಮುನಿಸು ಅಂದರೆ ಅಜ್ಜಂಪುರದಲ್ಲಿರುವ ನಮ್ಮ ಅಕ್ಕನದು. ಅವಳ ಮನೆಯ ಗೃಹಪ್ರವೇಶದ ದಿನ, ನಮ್ಮತ್ತೆಗೆ ಜ್ವರ ಏರಿದೆ ಅಂತ ನಮ್ಮೂರು ಪಂಚನಹಳ್ಳಿಯಿಂದ ಫೋನು ಬಂದು, ಎಲೆ ಹಾಕುವ ಮುಂಚೆಯೇ ನಾನು ಓಡಿ ಬಂದಿದ್ದೆ. ಬರುವಾಗ ಅಡುಗೆಯವರ ಹತ್ತಿರ ಒಂದು ಹೋಳಿಗೆ ಇಸಿದುಕೊಂಡು ದಾರಿಯಲ್ಲೇ ತಿಂದಿದ್ದೆ. ಅಕ್ಕ ಅದನ್ನು ಇವತ್ತಿಗೂ ನಂಬಿಲ್ಲ, ತಿಂದದ್ದನ್ನು ನೋಡಿದವರಿಲ್ಲ, ಸಾಕ್ಷಿಯಿಲ್ಲ. ನನ್ನ ಮನೆಯಲ್ಲಿ ಬಾಯಿಗೆ ಏನೂ ಹಾಕದೆ ಹೋದವಳ ಮನೆ ಹೊಸ್ತಿಲು ತುಳಿಯುವುದಿಲ್ಲ ಅಂತ ಹಠ ಹಿಡಿದು, ಮೂರು ವರ್ಷದಿಂದ ನಮ್ಮೂರ ಕಡೆ ತಲೆ ಹಾಕಿರಲಿಲ್ಲ. ಅಮ್ಮ ಹೋದ ಮೇಲೆ ನನಗೆ ತವರು ಅಂತ ಉಳಿದವಳು ಅವಳೊಬ್ಬಳೇ. ಅವಳಿಲ್ಲದ ಮದುವೆಯನ್ನು ನೆನೆದರೇ ನನಗೆ ಅಳು ಬರುತ್ತಿತ್ತು.

ಪತ್ರಿಕೆಯ ಚೀಲ, ಕುಂಕುಮದ ಬಟ್ಟಲು ಹಿಡಿದು ಬೈಕು ಹತ್ತಿದೆವು. ಕಡೂರಿನ ಮೊದಲ ಮನೆಯಲ್ಲಿ ಕೇಸರಿಬಾತು. ಎರಡು ಚಮಚ ತಿಂದು, ಮುಂದಿನ ಮನೆಯಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಮೊಬೈಲು ಕೂಗಿತು. ಆ ಮನೆಯಾಕೆ ಪಾಪ, ನೀವು ಫೋನು ಎತ್ತಿ ಮಾತಾಡಿಬಿಡಿ, ನಾವು ಕಾಯುತ್ತೇವೆ ಎಂದರು. ಯಜಮಾನರು ಎತ್ತಿ, ಹಲೋ ಅನ್ನದೆ, ನನ್ನ ಮುಖ ನೋಡಿ ತಲೆ ಅಲ್ಲಾಡಿಸಿದರು. ಯಾರೋ ತೀರಿಕೊಂಡರು ಅಂತಲೇ ಆಕೆ ತಿಳಿದರು.

ತರೀಕೆರೆಯಲ್ಲಿ ಇವರ ಚಿಕ್ಕಪ್ಪನ ಮನೆ. ಅಲ್ಲಿ ಯಜಮಾನರು ಬಿಲ್ಲೆಯ ವಿಷಯ ಬಾಯಿಬಿಟ್ಟರು. ಮುಗಿಯಿತು, ಟಿವಿ ಆರಿಸಿ ಮನೆಮಂದಿಯೆಲ್ಲ ಮೊಬೈಲಿನ ಸುತ್ತ ಕೂತರು. ಜಾಮೂನು ಕೊಟ್ಟು ನೋಡಿದರು. ಗೆರೆ ಏರಿದಾಗ ಚಪ್ಪಾಳೆ. ಕೋಡುಬಳೆಗೆ ಎಷ್ಟು ಏರಬಹುದು ಅಂತ ಚಿಕ್ಕಪ್ಪನಿಗೂ ಚಿಕ್ಕಮ್ಮನಿಗೂ ವಾದವೇ ಹತ್ತಿತು. ಮದುವೆ ಯಾವತ್ತು ಅಂತ ಒಬ್ಬರೂ ಕೇಳಲಿಲ್ಲ.

ಅಲ್ಲಿಂದ ಹೊರಟರೆ ಬೈಕಿನ ಹಿಂದಿನ ಚಕ್ರ ಪಂಚರ್. ಬಿಸಿಲಲ್ಲಿ ಅವರು ತಳ್ಳುತ್ತಾ, ನಾನು ಬೈಯುತ್ತಾ ಪಂಚರ್ ಅಂಗಡಿ ಮುಟ್ಟುವ ಹೊತ್ತಿಗೆ ಗೆರೆ ತಾನಾಗಿ ಇಳಿದಿತ್ತು. ತಿಂದ ಮೇಲೆ ನಡೆದರೆ ಇಳಿಯುತ್ತದೆ ಅನ್ನುವುದನ್ನು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ಯಜಮಾನರು ತಾವೇ ಕಂಡುಹಿಡಿದವರ ಗತ್ತಿನಲ್ಲಿ ಪಂಚರ್ ಹಾಕುವವನಿಗೂ ಅದನ್ನು ವಿವರಿಸಿದರು.

ಅಜ್ಜಂಪುರದಲ್ಲಿ ಅಕ್ಕ ಬಾಗಿಲು ತೆರೆದು, ಬನ್ನಿ ಅಂತ ಇವರಿಗೆ ಮಾತ್ರ ಹೇಳಿದಳು. ಪತ್ರಿಕೆ ಕೊಟ್ಟು ಕಾಲಿಗೆ ಬಿದ್ದೆ. ನಾವು ಬರುವ ಸುದ್ದಿ ತಿಳಿದಿದ್ದರಿಂದ ಹೋಳಿಗೆ ಮಾಡಿಟ್ಟಿದ್ದಳು. ತಟ್ಟೆಗೆ ಹಾಕಿ ಮೇಲೆ ತುಪ್ಪ ಸುರಿದು ಎದುರಿಗೇ ಕೂತಳು. ಯಜಮಾನರು ಕಣ್ಣಲ್ಲೇ ಬೇಡ ಅಂದರು. ನಾನು ಒಂದನ್ನು ಪೂರಾ ತಿಂದೆ. ಅಕ್ಕ ಇವರೊಂದಿಗೆ ಅದೂ ಇದೂ ಮಾತಾಡುತ್ತಾ ಸ್ವಲ್ಪ ಹೊತ್ತು ಕಳೆಯಿತು, ಮೊಬೈಲು ಕೂಗಿತು.

ಅಕ್ಕ ಏನದು ಎಂದಳು. ಯಜಮಾನರು ಬಿಲ್ಲೆಯಿಂದ ಮಾತ್ರೆಯವರೆಗೆ ಎಲ್ಲ ಒಪ್ಪಿಸಿದರು. ಮುಗಿಯಿತು, ಹೋಳಿಗೆ ತಪ್ಪಿಸಿಕೊಳ್ಳಲು ಹೊಸ ನೆಪ ಅಂದುಕೊಳ್ಳುತ್ತಾಳೆ ಅಂತ ನಾನು ಖಾಲಿ ತಟ್ಟೆಯನ್ನು ಅವಳ ಕಡೆ ಸರಿಸಿದೆ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಮೊಬೈಲು ಇಸಿದುಕೊಂಡಳು.

"ಅಂದ್ರೆ ಇವ್ಳು ತಿಂದಿದ್ದು ಇದ್ರಲ್ಲಿ ಗೊತ್ತಾಯ್ತದಾ?"

ಯಜಮಾನರು ಉತ್ಸಾಹದಿಂದ, ಇದು ಕಡೂರು, ಇದು ತರೀಕೆರೆ, ಇದು ನಿಮ್ಮನೇದು ಅಂತ ಒಂದೊಂದೇ ಗುಡ್ಡ ತೋರಿಸಿದರು. ಅಕ್ಕ ಬಹಳ ಹೊತ್ತು ನೋಡಿದಳು.

"ತರೀಕೆರೇದೇ ನಂದಕ್ಕಿಂತ ಎತ್ತರ ಐತಲ್ಲ," ಎಂದಳು.

ಸುಳ್ಳು ಹೇಳಲು ಬಾರದ ನನ್ನ ಗಂಡ, ಅಲ್ಲಿ ಜಾಮೂನು ಕೊಟ್ಟಿದ್ದರು ಅಂದರು. ಅಕ್ಕ ಎದ್ದು ಹೋಗಿ ಇನ್ನೊಂದು ಹೋಳಿಗೆ ತಂದಳು. ಇವರು ತಟ್ಟೆಗೆ ಕೈ ಅಡ್ಡ ಇಟ್ಟರು, ನಾನು ಆ ಕೈ ಸರಿಸಿದೆ. ಅದನ್ನೂ ತಿಂದೆ. ಮೂವರೂ ಗೆರೆ ಕಾಯುತ್ತಾ ಕೂತೆವು. ಅದು ಏರಿತು, ತರೀಕೆರೆಯ ಸಮಕ್ಕೆ ಬಂದಿತು, ದಾಟಿತು. ಅಕ್ಕನ ಮುಖ ಅರಳಿತು.

"ಈಗ ಒಪ್ಕತೀನಿ, ನನ್ನ ಮನೇಲಿ ತಿಂದೆ ಅಂತ. ಏಳೇ, ನಡಿ. ನನ್ನ ಹೋಳಿಗೆ ದೆಸೆಯಿಂದ ನೀನು ಮಾತ್ರೆ ನುಂಗೋದು ಬ್ಯಾಡ."

ಅಂತರಘಟ್ಟೆ ದಾರಿಯಲ್ಲಿ ದೂರದವರೆಗೆ ನಡೆದೆವು. ಹಿಂದಿನಿಂದ ಅಂಕಿ ಕೂಗುತ್ತಾ ಬರುತ್ತಿದ್ದ ಯಜಮಾನರನ್ನು ಅಕ್ಕ ಅರ್ಧದಲ್ಲೇ ಮನೆಗೆ ಅಟ್ಟಿದಳು. ಮೂರು ವರ್ಷದ ಮಾತು ಬಾಕಿಯಿತ್ತು. ಅಮ್ಮನ ಹೋಳಿಗೆ ತೆಳ್ಳಗಿತ್ತು, ನಿನ್ನದು ದಪ್ಪ ಅಂದೆ, ಬೈಸಿಕೊಂಡೆ, ಸುಖವಾಯಿತು. ತಿರುಗಿ ಬರುವಾಗ ಅವಳು ನನ್ನ ಕೈ ಹಿಡಿದು, ಚಪ್ಪರ ಹಾಕುವುದಕ್ಕೆ ಮುಂಚೆಯೇ ಬರಲೋ ಆಮೇಲೆ ಬರಲೋ ಎಂದು ಕೇಳಿದಳು. ಮುಂಚೆಯೇ ಅಂತ ನಾನು ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

ಬಿಲ್ಲೆ ಕಿತ್ತ ದಿನ ಡಾಕ್ಟರು ಗೆರೆಯನ್ನೆಲ್ಲ ಕಂಪ್ಯೂಟರಿನಲ್ಲಿ ನೋಡಿದರು. ಆಮೇಲಿನ ದಿನಗಳಲ್ಲಿ ಉಂಡ ಮೇಲೆಲ್ಲ ನಾನು ತೋಟ ಸುತ್ತಿದ್ದೆ, ಗೆರೆ ತಗ್ಗಿತ್ತು. ಸದ್ಯಕ್ಕೆ ಮಾತ್ರೆ ಬೇಡ, ನಡೆಯುವುದು ಬಿಡಬೇಡಿ ಎಂದರು. ಆಮೇಲೆ ನಡುವೆ ಎದ್ದು ನಿಂತಿದ್ದ ಗುಡ್ಡದ ಮೇಲೆ ಪೆನ್ನಿಟ್ಟು, ಇಲ್ಲೇನಮ್ಮ ತಿಂದಿರಿ, ಇಂಥದ್ದು ಇನ್ನೊಮ್ಮೆ ಆಗಬಾರದು ಎಂದರು. ಯಜಮಾನರು ಬಾಯಿ ತೆರೆದರು. ನಾನು ಮೊಣಕೈಯಲ್ಲಿ ತಿವಿದೆ.

"ಇನ್ನೊಂದ್ಸಲ ಆಗಲ್ಲ ಡಾಕ್ಟ್ರೇ," ಅಂದೆ. "ನಮ್ಮಕ್ಕ ಮದುವೆಗೆ ಬತ್ತಾಳೆ."